ಹಾವುಗಳ ಅಕ್ಕ ಜೋನ್ ಪ್ರಾಕ್ಟರ್

ಈ ಜಾಗದಲ್ಲಿ ಯಾವಾಗಲೂ ದೇಶಭಕ್ತರ ಜೀವನ ಚರಿತ್ರೆ ಬರುತ್ತದೆ. ಈ ಸಲ ನಾನು ಹಾವು, ಹಲ್ಲಿ ಸಾಕಿದ ಒಬ್ಬ ಮಹಿಳೆಯ ಚರಿತ್ರೆ ಬರೆದಿದ್ದೇನೆ. ಹಾವು ಕಂಡರೆ ಹುಡುಗಿಯರು ಓಡ್ತಾರೆ ಅಂತ ಹೇಳುವವರು ತಪ್ಪದೆ ಓದಬೇಕು.

ಜೋನ್ ಪ್ರಾಕ್ಟರ್ ಅವರು 1897ನೇ ಇಸವಿ ಆಗಸ್ಟ್ 5ರಂದು ಲಂಡನ್ ನಗರದಲ್ಲಿ ಜನಿಸಿದರು. ಚಿಕ್ಕಂದಿನಿಂದಲೂ ಕರುಳಿನ ಕಾಯಿಲೆ. ಬೇರೆ ಮಕ್ಕಳು ನಾಯಿ, ಬೆಕ್ಕು ಸಾಕಿದರೆ ಇವರು ಹತ್ತು ವರ್ಷಕ್ಕೇ ಸರೀಸೃಪಗಳನ್ನು ಸಾಕಿದ್ದರು. ಡಾಲ್ಮೇಷಿಯಾ ಎಂಬ ಕಡೆಯ ಒಂದು ಹಲ್ಲಿ ಎಂದರೆ ಬಲು ಮುದ್ದು. ಊಟಕ್ಕೆ ಕೂತರೆ ಅದೂ ಪಕ್ಕದಲ್ಲೇ ಇರಬೇಕು! 16ನೇ ವಯಸ್ಸಿನಲ್ಲಿ ಒಂದು ಮೊಸಳೆ ಮರಿ ಸಿಕ್ಕಿತು. ಅದನ್ನು ಶಾಲೆಗೇ ತಂದುಬಿಟ್ಟರು. ಗಣಿತದ ತರಗತಿಯಲ್ಲಿ ಗಲಾಟೆಯೋ ಗಲಾಟೆ. ನಮ್ಮ ತರಗತಿಯಲ್ಲಾದರೆ ಮೊದಲು ಕಿಟಕಿ ಹತ್ತುವವರು ಯಾರು ಅಂತ ನನಗೆ ಗೊತ್ತು, ಹೆಸರು ಬರೆಯುವುದಿಲ್ಲ.

ಕಾಯಿಲೆಯ ದೆಸೆಯಿಂದ ಕೇಂಬ್ರಿಡ್ಜ್ ವಿಶ್ವವಿದ್ಯಾಲಯಕ್ಕೆ ಹೋಗಲು ಆಗಲಿಲ್ಲ. ಆದರೆ ಬ್ರಿಟಿಷ್ ಮ್ಯೂಸಿಯಮ್ಮಿನ ಬೂಲೆಂಜರ್ ಎಂಬ ದೊಡ್ಡ ವಿಜ್ಞಾನಿ 1916ರಲ್ಲಿ ಅವರನ್ನು ಸಹಾಯಕಿಯಾಗಿ ಕರೆದುಕೊಂಡರು. ಗುಳಿಮಂಡಲ ಹಾವುಗಳ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ ಬರೀ 19 ವರ್ಷ. ಈ ಹಾವಿಗೆ ಕಣ್ಣಿಗೂ ಮೂಗಿಗೂ ನಡುವೆ ಒಂದು ಗುಳಿ ಇರುತ್ತದೆ. ಇಲಿಯ ಮೈ ಬಿಸಿ ಅದರಿಂದಲೇ ಹಾವಿಗೆ ತಿಳಿಯುತ್ತದೆ.

ಹಾವನ್ನು ಬಣ್ಣ ನೋಡಿ ಗುರುತಿಸಿದರೆ ಮೋಸ ಹೋಗುತ್ತೇವೆ. ಒಂದೇ ಜಾತಿಯಲ್ಲೂ ಬಣ್ಣ ಬೇರೆ ಬೇರೆ ಇರುತ್ತದೆ. ಅದಕ್ಕೇ ವಿಜ್ಞಾನಿಗಳು ಹುರುಪೆಗಳನ್ನು ಸಾಲು ಸಾಲಾಗಿ ಎಣಿಸುತ್ತಾರೆ, ಹಲ್ಲು ನೋಡುತ್ತಾರೆ. ನಮ್ಮ ಕಡೆ ಕಟ್ಟುಹಾವಿನ ಥರ ಪಟ್ಟೆ ಇರುವ ವಿಷವಿಲ್ಲದ ಹಾವೂ ಇದೆ. ಆದರೆ ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆ ಮಾತ್ರ ದೊಡ್ಡದು, ಆರು ಮೂಲೆಯದು. ಇದನ್ನು ಓದಿ ಯಾರೂ ಎಣಿಸಲು ಹತ್ತಿರ ಹೋಗಬೇಡಿ ಮತ್ತೆ! ಹಿಡಿದು ಸಾಕುವುದಂತೂ ನಮ್ಮ ದೇಶದ 1972ರ ವನ್ಯಜೀವಿ ಕಾಯಿದೆ ಪ್ರಕಾರ ಅಪರಾಧ.

1923ರಲ್ಲಿ ಜೋನ್ ಅವರು ಲಂಡನ್ ಮೃಗಾಲಯದ ಸರೀಸೃಪಗಳ ಮೇಲ್ವಿಚಾರಕಿ ಆದರು. ಹಾವಿನ ಮೈ ನಮ್ಮ ಮೈಯಂತೆ ತಾನೇ ಬಿಸಿ ಇರುವುದಿಲ್ಲ. ಚಳಿ ಆದರೆ ತಿಂದದ್ದೂ ಅರಗುವುದಿಲ್ಲ. ಮರಳುಗಾಡಿನದಕ್ಕೆ ಬೇಕಾದ ಶಾಖ ಕಾಡಿನದಕ್ಕೆ ಆಗಿಬರಲ್ಲ. ಆದ್ದರಿಂದ ಅವರು ಹೊಸ ಸರೀಸೃಪ ಮನೆಯ ನಕ್ಷೆ ಮಾಡಿದಾಗ ಬೇರೆ ಬೇರೆ ಕಡೆ ಬೇರೆ ಬೇರೆ ಶಾಖ ಸಿಗುವಂತೆ ವಿದ್ಯುತ್ ವ್ಯವಸ್ಥೆ ಮಾಡಿಸಿದರು. ಸೂರ್ಯನ ನೇರಳಾತೀತ ಕಿರಣ ಒಳಗೆ ಬರಲಿ ಅಂತ ವಿಶೇಷ ಗಾಜು ಹಾಕಿಸಿದರು. ಅದು 1927ರಲ್ಲಿ ತೆರೆಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ. ಪ್ರಾಣಿ ಯಾವುದು ಅಂತ ತಿಳಿದು ಅದಕ್ಕೆ ತಕ್ಕ ಮನೆ ಕಟ್ಟಿದರು. ಬಸವನಹುಳು ಸಾಕಿದರೂ ಅಷ್ಟೇ, ಹಸಿ ಮಣ್ಣು, ನೆರಳು ಬೇಕು, ಚಿಪ್ಪಿಗೆ ಸುಣ್ಣದ ಅಂಶ ಬೇಕು. ಒಣ ಡಬ್ಬಿಯಲ್ಲಿ ಹಾಕಿಟ್ಟರೆ ಪಾಪ, ಬದುಕುತ್ತದೆಯೇ?

ಅದೇ ವರ್ಷ ಇಂಡೋನೇಷ್ಯಾದಿಂದ ಎರಡು ಕೊಮೊಡೊ ಡ್ರ್ಯಾಗನ್‌ಗಳು ಬಂದವು. ಇವು ಉಡದ ಜಾತಿಯವು, ಹತ್ತು ಅಡಿಯವರೆಗೂ ಬೆಳೆಯುತ್ತವೆ. ಜನ ಭಯಂಕರ ಪ್ರಾಣಿ ಅಂದುಕೊಂಡಿದ್ದರು. ಸುಂಬಾವಾ ಎಂಬುದು ಜೋನ್ ಅವರಿಗೆ ಎಷ್ಟು ಒಗ್ಗಿತೆಂದರೆ 1928ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅವರು ಮೈ ಸವರುತ್ತಿದ್ದರೆ ಅದು ಅವರ ಕೈಯಿಂದಲೇ ಕೋಳಿ, ಮೊಟ್ಟೆ ತಿಂದಿತು. ಮೃಗಾಲಯದಲ್ಲಿ ಮಕ್ಕಳ ನಡುವೆಯೂ ಅದನ್ನು ಓಡಾಡಿಸುತ್ತಿದ್ದರು.

ಕಾಯಿಲೆ ಮಾತ್ರ ಬಿಡಲಿಲ್ಲ. ಕೊನೆಕೊನೆಗೆ ನಡೆಯಲು ಕಷ್ಟವಾಗಿ ವಿದ್ಯುತ್ ಗಾಲಿಕುರ್ಚಿಯಲ್ಲಿ ಕೂತು ಸುತ್ತಾಡಿ ಕೆಲಸ ನೋಡುತ್ತಿದ್ದರು. 1931ರಲ್ಲಿ ಶಿಕಾಗೋ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಸೆಪ್ಟೆಂಬರ್ 20ರಂದು ತೀರಿಕೊಂಡರು. ವಯಸ್ಸು 34 ಅಷ್ಟೇ. ಆಫ್ರಿಕಾದ ತಾಂಜಾನಿಯಾ ದೇಶದ ಒಂದು ಹಾವಿಗೆ ಅವರ ಹೆಸರು ಇಟ್ಟಿದ್ದಾರೆ.