ಕಾವಸ್‌ಜಿ

ಕಾವಸ್‌ಜಿ 18ನೇ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಎತ್ತು ಹೊಡೆಯುವ ಕೆಲಸದಲ್ಲಿದ್ದ ಮರಾಠ ಒಕ್ಕಲಿಗ. ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ (1790–1792) ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ ಈತನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದ ಚಿಕಿತ್ಸಕನೊಬ್ಬ ಹಣೆಯ ಚರ್ಮದಿಂದ ಹೊಸ ಮೂಗನ್ನು ರಚಿಸಿದ. ಈ ಶಸ್ತ್ರಚಿಕಿತ್ಸೆಯ ವಿವರ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಮಾಸಪತ್ರಿಕೆಯಲ್ಲಿ ಚಿತ್ರಸಹಿತ ಪ್ರಕಟವಾಯಿತು. ಯುರೋಪಿನಲ್ಲಿ ಮೂಗಿನ ಪುನರ್ನಿರ್ಮಾಣ ಮತ್ತೆ ಆರಂಭವಾಗಲು ಈ ವರದಿ ಮುಖ್ಯ ಕಾರಣವಾಯಿತು. ಪ್ಲಾಸ್ಟಿಕ್ ಸರ್ಜರಿಯ ಇತಿಹಾಸದಲ್ಲಿ ಅತ್ಯಂತ ಹೆಸರಾದ ರೋಗಿಗಳಲ್ಲಿ ಕಾವಸ್‌ಜಿಯೂ ಒಬ್ಬ.

ಹಿನ್ನೆಲೆ

ಕಾವಸ್‌ಜಿ ಎಂಬ ಹೆಸರು ಪಾರಸಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದರಿಂದ ಈತನನ್ನು ಪಾರಸಿ ಎಂದು ಭಾವಿಸುವುದುಂಟು. ಆದರೆ 1794ರ ವರದಿ ಈತನನ್ನು ಬೇಸಾಯಗಾರರ ಜಾತಿಗೆ ಸೇರಿದ ಮರಾಠನೆಂದೇ ಗುರುತಿಸುತ್ತದೆ.

ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ, ಮರಾಠರು ಮತ್ತು ಹೈದರಾಬಾದಿನ ನಿಜಾಮ ಒಂದಾಗಿ ಟಿಪ್ಪು ಸುಲ್ತಾನನ ವಿರುದ್ಧ ಹೋರಾಡಿದರು. 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಇಂಗ್ಲಿಷರ ವಶವಾಯಿತು. ಅಲ್ಲಿಂದ ಮುಂದೆ ಶ್ರೀರಂಗಪಟ್ಟಣದ ಕಡೆಗೆ ಸಾಗುವ ಸೈನ್ಯಕ್ಕೆ ಬೆಂಗಳೂರೇ ನೆಲೆಯಾಯಿತು. ಅಕ್ಕಿ, ಮದ್ದುಗುಂಡು ಮತ್ತು ಡೇರೆಗಳನ್ನು ಹೇರೆತ್ತುಗಳ ಮೇಲೆ ಸಾಗಿಸಬೇಕಾಗಿತ್ತು. ಭಾರಿ ತೋಪುಗಳನ್ನು ಎಳೆಯುವುದಕ್ಕೂ ಎತ್ತುಗಳೇ ಬೇಕಾಗಿದ್ದವು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರದವರೆಗೂ ಹೋಗಿ ಹಿಂದಿರುಗಲು ದವಸದ ಕೊರತೆ ಮತ್ತು ಎತ್ತುಗಳ ಸಾವು ದೊಡ್ಡ ಕಾರಣಗಳಾಗಿದ್ದವು. ಎತ್ತು ಹೊಡೆಯುವವರು ಆಯುಧ ಹಿಡಿದು ಹೋರಾಡುವವರಲ್ಲದಿದ್ದರೂ ಸೈನ್ಯದ ಬಲ ಅವರನ್ನು ಅವಲಂಬಿಸಿತ್ತು. ಆದ್ದರಿಂದ ಎದುರಾಳಿಯ ಕುದುರೆ ಪಡೆಗಳು ಸಾಮಗ್ರಿ ಸಾಗಿಸುವ ಸಾಲುಗಳ ಮೇಲೆ ಎರಗುತ್ತಿದ್ದವು.

ಸೆರೆ ಮತ್ತು ಅಂಗಚ್ಛೇದ

ವರದಿಯ ಪ್ರಕಾರ ಕಾವಸ್‌ಜಿ 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅಲ್ಲಿ ಈತನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆ ಸ್ಥಿತಿಯಲ್ಲೇ ಈತ ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಬೊಂಬಾಯಿ ಸೈನ್ಯವನ್ನು ಬಂದು ಸೇರಿದ. ಘಟನೆಯನ್ನು ವರದಿ ಮಾಡಿದವರು ಯುದ್ಧದಲ್ಲಿ ಟಿಪ್ಪುವಿನ ಎದುರು ಪಕ್ಷದವರು ಎಂಬುದನ್ನು ಓದುಗರು ಗಮನದಲ್ಲಿಡಬೇಕಾಗುತ್ತದೆ. ಮೂಗು ಕೊಯ್ಯುವ ಶಿಕ್ಷೆಯಾದರೂ ಒಬ್ಬ ಅರಸನ ಕಾಲಕ್ಕೆ ಸೀಮಿತವಾಗಿರಲಿಲ್ಲ. 17ನೇ ಶತಮಾನದ ಮಧ್ಯಭಾಗದಲ್ಲಿ ಮೈಸೂರು ಮತ್ತು ಮಧುರೆಗಳ ನಡುವೆ ನಡೆದ ಕದನವೊಂದು ಎರಡೂ ಕಡೆಯವರು ವೈರಿಗಳ ಮೂಗು ಕೊಯ್ದ ಕಾರಣಕ್ಕೆ ಆ ಹೆಸರಿನಿಂದಲೇ ಇತಿಹಾಸದಲ್ಲಿ ಉಳಿದಿದೆ. ಕಳವು, ವ್ಯಭಿಚಾರ ಮೊದಲಾದ ಅಪರಾಧಗಳಿಗೂ ಭಾರತದ ಹಲವು ಪ್ರಾಂತಗಳಲ್ಲಿ ಇದೇ ಶಿಕ್ಷೆ ಬಳಕೆಯಲ್ಲಿತ್ತು. ಶೂರ್ಪನಖಿಯ ಕಥೆ ತಿಳಿದ ಸಮಾಜದಲ್ಲಿ ಮೂಗು ಹೋದವರನ್ನು ಜನ ಗಾಯಾಳುವಿಗಿಂತ ಹೆಚ್ಚಾಗಿ ಮಾನ ಕಳೆದುಕೊಂಡವರಂತೆ ನೋಡುತ್ತಿದ್ದರು.

1792ರ ಮಾರ್ಚ್ 18ರಂದು ಶ್ರೀರಂಗಪಟ್ಟಣದ ಒಪ್ಪಂದವಾಗಿ ಯುದ್ಧ ನಿಂತಿತು. ಕಾವಸ್‌ಜಿ ಸುಮಾರು ಹನ್ನೆರಡು ತಿಂಗಳು ಮೂಗಿಲ್ಲದೆ ಬದುಕಿದ. ಕಂಪನಿ ಈತನಿಗೆ ಪಿಂಚಣಿ ನೀಡಿತು.

ಚಿಕಿತ್ಸಕನ ಆಯ್ಕೆ

ಕಂಪನಿಯ ಪಿಂಚಣಿದಾರನಾಗಿದ್ದರೂ ಕಾವಸ್‌ಜಿಗೆ ಹೊಸ ಮೂಗು ದೊರೆತದ್ದು ಕಂಪನಿಯ ವೈದ್ಯರಿಂದಲ್ಲ. ಇಟಲಿಯ ಬೊಲೊನ್ಯ ನಗರದ ಗಾಸ್ಪಾರೆ ತಾಲ್ಯಕೋಟ್ಸಿ 1597ರಲ್ಲಿ ತೋಳಿನ ಚರ್ಮದಿಂದ ಮೂಗು ರಚಿಸುವ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದ್ದ. ಆ ಕ್ರಮದಲ್ಲಿ ರೋಗಿಯ ತೋಳನ್ನು ವಾರಗಟ್ಟಲೆ ಮುಖಕ್ಕೆ ಬಿಗಿದಿಡಬೇಕಾಗಿತ್ತು. ಆತನ ನಂತರ ಯುರೋಪಿನಲ್ಲಿ ಈ ವಿದ್ಯೆ ಬಹುಮಟ್ಟಿಗೆ ಬಳಕೆ ತಪ್ಪಿತು. 1790ರ ದಶಕದ ಯುರೋಪಿಯನ್ ವೈದ್ಯರು ಕೈಕಾಲುಗಳನ್ನು ಕತ್ತರಿಸುವುದರಲ್ಲಿ ಪಳಗಿದ್ದರೂ ಹೋದ ಮೂಗನ್ನು ಮರಳಿ ಕಟ್ಟುವ ರೂಢಿ ಅವರಲ್ಲಿ ಇರಲಿಲ್ಲ.

ಭಾರತದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಸುಶ್ರುತ ಸಂಹಿತೆಯಲ್ಲಿ ಮೂಗಿನ ಅಳತೆಗೆ ಎಲೆಯೊಂದನ್ನು ಕತ್ತರಿಸಿ, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ತೆಗೆದು ಮೂಗಿಗೆ ಜೋಡಿಸಿ, ಹೊಳ್ಳೆಗಳಲ್ಲಿ ನಳಿಗೆಗಳನ್ನಿಡುವ ವಿಧಾನ ಹೇಳಲ್ಪಟ್ಟಿದೆ. ಕಾವಸ್‌ಜಿಗೆ ಬಳಸಿದ ಹಣೆಯ ಚರ್ಮದ ವಿಧಾನ ಇದಕ್ಕಿಂತ ಭಿನ್ನವಾದುದು. ಅದು ಕೆಲವು ಕುಲಗಳಲ್ಲಿ ತಂದೆಯಿಂದ ಮಗನಿಗೆ ಕೈಕಸುಬಾಗಿ ಸಾಗಿಬಂದಿತ್ತು. ಹಿಮಾಲಯದ ಕಾಂಗ್ರಾ ಪ್ರದೇಶವೂ ಇಂಥ ಮನೆತನಗಳಿಗೆ ಹೆಸರಾಗಿತ್ತು.

ಪುಣೆಯ ಚಿಕಿತ್ಸಕನಿಗೆ ಪದವಿಯಾಗಲಿ ಆಸ್ಥಾನದ ಮನ್ನಣೆಯಾಗಲಿ ಇದ್ದುದನ್ನು ವರದಿ ಹೇಳುವುದಿಲ್ಲ. ಈ ಶಸ್ತ್ರಕ್ರಿಯೆ ಭಾರತದಲ್ಲಿ ಅಪರೂಪದ್ದಲ್ಲ, ಬಹು ಹಿಂದಿನಿಂದ ನಡೆದುಬಂದದ್ದು ಮತ್ತು ಸಾಮಾನ್ಯವಾಗಿ ಯಶಸ್ವಿಯಾಗುವಂಥದ್ದು ಎಂದು ಮಾತ್ರ ಅದು ತಿಳಿಸುತ್ತದೆ. ಬೊಂಬಾಯಿ ಪ್ರೆಸಿಡೆನ್ಸಿಯ ವೈದ್ಯರಾದ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಇಂಥ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡಿದ್ದರು. ಪ್ರಕಟವಾದ ವಿವರಣೆ ಅವರು ಕಂಡುದನ್ನು ಆಧರಿಸಿದೆ. ತರಬೇತಿ ಪಡೆದ ವೈದ್ಯರು ಇಲ್ಲಿ ಪ್ರೇಕ್ಷಕರಾಗಿದ್ದರು. ಬಲ್ಲವನ ಕೈ ಕುಶಲಕರ್ಮಿಯದಾಗಿತ್ತು.

ಶಸ್ತ್ರಚಿಕಿತ್ಸೆ

ಕಾವಸ್‌ಜಿಯ ಶಸ್ತ್ರಚಿಕಿತ್ಸೆ 1793ರ ಮಾರ್ಚ್ ತಿಂಗಳ ಆಸುಪಾಸಿನಲ್ಲಿ ನಡೆಯಿತು. ವರದಿಯಲ್ಲಿ ವಿವರಿಸಿರುವ ಕ್ರಮ ಹೀಗಿದೆ.

ಮೊದಲು ಮೇಣದ ತೆಳುವಾದ ಹಾಳೆಯನ್ನು ಉಳಿದ ಮೂಗಿನ ಬುಡದ ಮೇಲಿಟ್ಟು ಒಪ್ಪುವ ಆಕಾರದ ಮೂಗನ್ನು ರೂಪಿಸಲಾಗುತ್ತಿತ್ತು. ಬಳಿಕ ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಅದರ ಸುತ್ತ ಗೆರೆ ಎಳೆಯಲಾಗುತ್ತಿತ್ತು. ಗೆರೆಯೊಳಗಿನ ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸುತ್ತಿದ್ದರು. ಹೊಸ ಭಾಗ ಮೂಗಿನ ಸ್ಥಾನದಲ್ಲಿ ಕೂಡಿಕೊಳ್ಳುವವರೆಗೆ ಈ ಪಟ್ಟಿಯ ಮೂಲಕವೇ ಅದಕ್ಕೆ ರಕ್ತ ಹರಿಯುತ್ತಿತ್ತು.

ಅನಂತರ ಮೂಗಿನ ಬುಡದಲ್ಲಿ ಒಣಗಿದ್ದ ಹಳೆಯ ಗಾಯದ ಕಲೆಯನ್ನು ಹೆರೆದು, ಅದರ ಹಿಂದೆ ಹೊಳ್ಳೆಗಳ ಸುತ್ತ ಮತ್ತು ಮೇಲ್ದುಟಿಯ ಉದ್ದಕ್ಕೆ ಸೀಳಲಾಗುತ್ತಿತ್ತು. ಹಣೆಯ ಚರ್ಮವನ್ನು ಅರ್ಧಸುತ್ತು ತಿರುಗಿಸಿ ಕೆಳಗಿಳಿಸಿ, ಅದರ ಅಂಚುಗಳನ್ನು ಈ ಸೀಳಿನೊಳಗೆ ಸೇರಿಸುತ್ತಿದ್ದರು. ವರದಿಯಲ್ಲಿ ಹೊಲಿಗೆಯ ಮಾತಿಲ್ಲ. ಜೋಡಣೆ ಕದಲದಂತೆ ಹಿಡಿದಿಡಲು ಕಾಚನ್ನು ನೀರಿನಲ್ಲಿ ನೆನೆಸಿ ಬಟ್ಟೆಯ ಪಟ್ಟಿಗಳಿಗೆ ಹಚ್ಚಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದರಂತೆ ಅಂಟಿಸಲಾಗುತ್ತಿತ್ತು. ವೀಳ್ಯದೊಡನೆ ಬಳಸುವ ಕಾಚು ಒಗರು ಗುಣದ್ದಾದುದರಿಂದ ಇಲ್ಲಿ ಅಂಟಾಗಿಯೂ ಔಷಧವಾಗಿಯೂ ಒದಗಿತು. ನಾಲ್ಕು ದಿನ ಬೇರೆ ಯಾವ ಕಟ್ಟೂ ಇರುತ್ತಿರಲಿಲ್ಲ. ಆಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಹಾಕುತ್ತಿದ್ದರು.

ರೋಗಿಯ ಅನುಭವ

ವರದಿ ಕಾವಸ್‌ಜಿಯ ನೋವಿನ ಬಗ್ಗೆ ಏನನ್ನೂ ಹೇಳದಿದ್ದರೂ ಚಿಕಿತ್ಸೆಯ ವಿವರಗಳು ರೋಗಿ ಸಹಿಸಬೇಕಾದುದನ್ನು ತಿಳಿಸುತ್ತವೆ. ಈಥರ್ ಬಳಸಿ ಅರಿವಳಿಕೆ ನೀಡುವುದನ್ನು ಬಾಸ್ಟನ್ ನಗರದಲ್ಲಿ ಸಾರ್ವಜನಿಕವಾಗಿ ತೋರಿಸಿದ್ದು 1846ರಲ್ಲಿ. ಅದಕ್ಕೆ ಅರ್ಧ ಶತಮಾನಕ್ಕೂ ಮೊದಲು ನಡೆದ ಈ ಚಿಕಿತ್ಸೆಯಲ್ಲಿ ಅಂಥ ನೆರವು ಇರಲಿಲ್ಲ. ಶಸ್ತ್ರಕ್ರಿಯೆಯ ನಂತರ ರೋಗಿ ಐದಾರು ದಿನ ಅಂಗಾತ ಮಲಗಿರಬೇಕಾಗಿತ್ತು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೃದುವಾದ ಬಟ್ಟೆಯ ತುಂಡುಗಳನ್ನು ಒಳಗಿಡಲಾಗುತ್ತಿತ್ತು. ಸುಮಾರು ಇಪ್ಪತ್ತೈದನೆಯ ದಿನ ಹಣೆಗೂ ಮೂಗಿಗೂ ನಡುವೆ ಉಳಿಸಿದ್ದ ಪಟ್ಟಿಯನ್ನು ಕತ್ತರಿಸಿ, ಹೊಸ ಮೂಗು ಚೆನ್ನಾಗಿ ಕಾಣುವಂತೆ ಮತ್ತಷ್ಟು ತಿದ್ದಲಾಗುತ್ತಿತ್ತು. ಅಲ್ಲಿಯವರೆಗೂ ರೋಗಿ ಹಣೆಯಲ್ಲಿ ಗಾಯವನ್ನೂ ಕಣ್ಣುಗಳ ನಡುವೆ ತಿರುಚಿದ ಚರ್ಮದ ಪಟ್ಟಿಯನ್ನೂ ಹೊತ್ತು ಕಾಯಬೇಕಾಗಿತ್ತು.

ಫಲಿತಾಂಶವನ್ನು ವರದಿ ಸ್ಪಷ್ಟವಾಗಿ ದಾಖಲಿಸಿದೆ. ಹೊಸ ಮೂಗು ಭದ್ರವಾಗಿ ನಿಲ್ಲುತ್ತಿತ್ತು, ಸಹಜವಾದ ಮೂಗಿಗೆ ಸಮೀಪವಾಗಿ ಕಾಣುತ್ತಿತ್ತು ಮತ್ತು ಹಣೆಯ ಕಲೆ ಕಾಲಕ್ರಮದಲ್ಲಿ ಅಷ್ಟಾಗಿ ಎದ್ದು ಕಾಣುತ್ತಿರಲಿಲ್ಲ. ಕಲೆ ಇರುವುದೇ ಇಲ್ಲ ಎಂದು ಅದು ಹೇಳುವುದಿಲ್ಲ. ಕಳೆದುಹೋದ ಕೈಗೆ ಅಂದು ಯಾವ ಚಿಕಿತ್ಸೆಯೂ ಇರಲಿಲ್ಲ.

ಚಿತ್ರ ಮತ್ತು ಪ್ರಕಟಣೆ

ಶಸ್ತ್ರಚಿಕಿತ್ಸೆಯಾದ ಹತ್ತು ತಿಂಗಳ ನಂತರ, 1794ರ ಜನವರಿಯಲ್ಲಿ ಕಾವಸ್‌ಜಿಯ ಭಾವಚಿತ್ರ ಸಿದ್ಧವಾಯಿತು. ಅದನ್ನು ಬರೆದವನು ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್. ಪೇಶ್ವೆ ಸವಾಯಿ ಮಾಧವರಾವ್ ಮತ್ತು ನಾನಾ ಫಡ್ನವೀಸರ ಚಿತ್ರಗಳನ್ನು ಬರೆದ ಕಲಾವಿದನೂ ಈತನೇ. ವಿಲಿಯಂ ನಟರ್ ಈ ಭಾವಚಿತ್ರವನ್ನು ತಾಮ್ರದ ತಗಡಿನಲ್ಲಿ ಕೆತ್ತಿದ. ಚಿತ್ರದ ಜೊತೆಯಲ್ಲಿ ಹಣೆಯ ಚರ್ಮವನ್ನು ಗುರುತಿಸುವ ಮತ್ತು ಕೆಳಗಿಳಿಸುವ ಹಂತಗಳನ್ನೂ ರೇಖೆಗಳಲ್ಲಿ ತೋರಿಸಲಾಗಿತ್ತು.

ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಬಂದ ವರದಿ ಸಂಪಾದಕರಿಗೆ ಬರೆದ ಪತ್ರದ ರೂಪದಲ್ಲಿತ್ತು. ಲೇಖಕ ತನ್ನ ಹೆಸರಿನ ಬದಲು ಬಿ.ಎಲ್. ಎಂಬ ಎರಡು ಅಕ್ಷರಗಳನ್ನು ಮಾತ್ರ ಹಾಕಿದ್ದ. ರೋಗಿ ಮತ್ತು ಸಾಕ್ಷಿಗಳಾದ ವೈದ್ಯರ ಹೆಸರುಗಳು ಅಚ್ಚಾದವು. ಮೂಗನ್ನು ರಚಿಸಿದವನ ಹೆಸರು ಅದರಲ್ಲಿಲ್ಲ. ಆತನ ಕುಲದ ಕಸುಬನ್ನಷ್ಟೇ ಹೇಳಲಾಗಿದೆ.

ಯುರೋಪಿನಲ್ಲಿ ಪರಿಣಾಮ

ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ ಈ ವರದಿಯಿಂದ ಪ್ರೇರಿತನಾದ. ಆತ ಶವಗಳ ಮೇಲೆ ಈ ಕ್ರಮವನ್ನು ಅಭ್ಯಾಸ ಮಾಡಿ, ವರದಿ ಪ್ರಕಟವಾದ ಇಪ್ಪತ್ತು ವರ್ಷಗಳ ನಂತರ, 1814ರ ಅಕ್ಟೋಬರ್ 23ರಂದು ಸೈನ್ಯಾಧಿಕಾರಿಯೊಬ್ಬನಿಗೆ ಹಣೆಯ ಚರ್ಮದಿಂದ ಮೂಗು ರಚಿಸಿದ. ಅನಂತರ ಮತ್ತೊಬ್ಬ ಅಧಿಕಾರಿಗೂ ಯಶಸ್ವಿಯಾಗಿ ಚಿಕಿತ್ಸೆ ನೀಡಿ, 1816ರಲ್ಲಿ ಎರಡೂ ಪ್ರಕರಣಗಳ ಬಗ್ಗೆ ಪುಸ್ತಕ ಪ್ರಕಟಿಸಿದ. ಬರ್ಲಿನ್ನಿನ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರೇಫೆ 1818ರಲ್ಲಿ ಮೂಗಿನ ಪುನರ್ನಿರ್ಮಾಣದ ಬಗ್ಗೆ ಬರೆದ ಗ್ರಂಥದಲ್ಲಿ ಭಾರತೀಯ ವಿಧಾನವನ್ನೂ ಚರ್ಚಿಸಿದ. ಹೀಗೆ ಈ ಕ್ರಮ ಭಾರತೀಯ ವಿಧಾನ ಎಂಬ ಹೆಸರಿನಿಂದಲೇ ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ನೆಲೆಯೂರಿತು.

ಇಂದಿನ ಬಳಕೆ

ಕ್ಯಾನ್ಸರ್, ಅಪಘಾತ ಅಥವಾ ಕಡಿತದಿಂದ ಮೂಗಿನ ಹೆಚ್ಚಿನ ಭಾಗ ನಷ್ಟವಾದಾಗ ಹಣೆಯ ಚರ್ಮದಿಂದ ಅದನ್ನು ಪುನಃ ರಚಿಸುವುದು ಇಂದಿಗೂ ಪ್ರಮುಖ ವಿಧಾನವಾಗಿದೆ. ಹಣೆಯ ಚರ್ಮ ಬಣ್ಣದಲ್ಲಿ ಮೂಗಿನ ಚರ್ಮಕ್ಕೆ ಹೊಂದುತ್ತದೆ. ಹುಬ್ಬಿನ ಒಳತುದಿಯ ಬಳಿ ಮೇಲೇರುವ ರಕ್ತನಾಳ ಅದಕ್ಕೆ ರಕ್ತ ಒದಗಿಸುತ್ತದೆ. ಪಟ್ಟಿಯನ್ನು ಸಾಮಾನ್ಯವಾಗಿ ಮೂರು ವಾರಗಳ ನಂತರ ಬೇರ್ಪಡಿಸುತ್ತಾರೆ. ಇದು ಪುಣೆಯ ಲೆಕ್ಕಕ್ಕೆ ಸಮೀಪವಾದ ಅವಧಿ. ಹಳೆಯ ವಿಧಾನದಲ್ಲಿ ಮೂಗಿಗೆ ಒಳಪದರವಾಗಲಿ ಆಧಾರವಾಗಲಿ ಇರಲಿಲ್ಲ. ಆದ್ದರಿಂದ ಅಂಥ ಮೂಗು ಕ್ರಮೇಣ ಕುಗ್ಗುವ ಸಾಧ್ಯತೆಯಿತ್ತು. ಈಗ ಒಳಪದರವನ್ನು ರಚಿಸಿ, ಕಿವಿ ಅಥವಾ ಪಕ್ಕೆಲುಬಿನ ಮೃದ್ವಸ್ಥಿಯನ್ನು ಆಧಾರವಾಗಿ ಇಡಲಾಗುತ್ತದೆ.

ಜಯನಗರ, ಬನಶಂಕರಿ, ಜೆ.ಪಿ. ನಗರ ಮುಂತಾದ ಬಡಾವಣೆಗಳೂ ಸೇರಿದಂತೆ ಬೆಂಗಳೂರಿನಲ್ಲಿ ಇಂದು ಮೂಗಿನ ಶಸ್ತ್ರಚಿಕಿತ್ಸೆಗಳು ಗಾಯಾಳುಗಳಿಗೂ ಅಂದವನ್ನು ಬಯಸುವವರಿಗೂ ದೊರೆಯುತ್ತವೆ. ಚಿಕಿತ್ಸಕನನ್ನು ಆರಿಸಲು ಕಾವಸ್‌ಜಿಯ ಕಾಲದಲ್ಲಿದ್ದ ಆಧಾರವೆಂದರೆ ಆತನ ಕೈಚಳಕದ ಬಗ್ಗೆ ಜನರಲ್ಲಿದ್ದ ತಿಳಿವಳಿಕೆ. ಈಗ ವೈದ್ಯನ ಹೆಸರು ಮತ್ತು ಪದವಿ ವೈದ್ಯಕೀಯ ಪರಿಷತ್ತಿನ ನೋಂದಣಿಯಲ್ಲಿರುತ್ತವೆ. ಭಾರತದಲ್ಲಿ ಪ್ಲಾಸ್ಟಿಕ್ ಸರ್ಜರಿಯ ವಿಶೇಷ ಪದವಿ ಎಂ.ಸಿಎಚ್. ಆದರೂ ಅದೇ ಶಸ್ತ್ರಕ್ರಿಯೆಯನ್ನು ವೈದ್ಯ ಎಷ್ಟು ಬಾರಿ ಮಾಡಿದ್ದಾನೆ, ಅದು ಎಷ್ಟು ಹಂತಗಳಲ್ಲಿ ಮುಗಿಯುತ್ತದೆ, ಕಲೆ ಎಲ್ಲಿ ಉಳಿಯುತ್ತದೆ, ತಿಂಗಳುಗಳ ನಂತರ ಫಲಿತಾಂಶ ಹೇಗೆ ಕಾಣುತ್ತದೆ ಎಂಬ ಸಂಗತಿಗಳು ರೋಗಿಗೆ ಈಗಲೂ ಅಷ್ಟೇ ಮುಖ್ಯವಾಗಿವೆ. 1794ರ ವರದಿಯಲ್ಲಿ ಈ ವಿಷಯಗಳಲ್ಲಿ ಬಹುಪಾಲಿಗೆ ಉತ್ತರವಿದೆ. ಹತ್ತು ತಿಂಗಳು ಕಳೆದ ಮೇಲೆ ಬರೆದ ಚಿತ್ರವನ್ನೇ ಅದು ಸಾಕ್ಷ್ಯವಾಗಿ ಮುಂದಿಟ್ಟಿತು.