ಮೇರಿ ಪಾರ್ಕರ್ ಫಾಲೆಟ್

ಆಡಳಿತಶಾಸ್ತ್ರವನ್ನು ಓದುವ ನಮ್ಮಂಥ ವಿದ್ಯಾರ್ಥಿಗಳಿಗೆ ಟೇಲರ್, ಫೇಯೋಲ್, ವೇಬರ್ ಎಂಬ ಹೆಸರುಗಳು ಬಾಯಿಪಾಠವಾಗಿರುತ್ತವೆ. ಆ ಸಾಲಿನಲ್ಲಿ ಒಬ್ಬ ಮಹಿಳೆಯ ಹೆಸರೂ ಬರುತ್ತದೆ. ಪರೀಕ್ಷೆಗೆಂದು ನಾವು ಬರೆದುಕೊಳ್ಳುವ ಟಿಪ್ಪಣಿಯಲ್ಲಿ ಆಕೆಗೆ ಸಿಕ್ಕುವುದು ಅರ್ಧ ಪುಟ ಮಾತ್ರ. ಆ ಅರ್ಧ ಪುಟದ ಹಿಂದೆ ಎಂಥ ಬಾಳಿತ್ತೆಂಬ ಕುತೂಹಲ ನನಗೆ ಹುಟ್ಟಿತು. ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೇರಿ ಪಾರ್ಕರ್ ಫಾಲೆಟ್ 1868ನೆಯ ಇಸವಿ ಸೆಪ್ಟೆಂಬರ್ 3ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕ್ವಿನ್ಸಿ ಎಂಬ ಊರಿನಲ್ಲಿ ಜನಿಸಿದಳು. ತಾಯಿ ಸದಾ ಅಸ್ವಸ್ಥೆ. ಮಗಳ ಹದಿಹರೆಯದಲ್ಲಿಯೇ ತಂದೆ ತೀರಿಕೊಂಡನು. ಎಳೆಯ ಹೆಗಲ ಮೇಲೆ ಸಂಸಾರದ ಭಾರ ಬಿದ್ದಿತು. ಆದರೂ ಆಕೆ ಓದನ್ನು ಬಿಡಲಿಲ್ಲ. 1888ರಲ್ಲಿ ಆಕೆ ಉನ್ನತ ವ್ಯಾಸಂಗಕ್ಕೆ ಹೊರಟಾಗ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದರ ಪಕ್ಕದಲ್ಲಿ ಹೆಂಗಸರಿಗೆಂದೇ ಒಂದು ವಿದ್ಯಾಸಂಸ್ಥೆಯಿತ್ತು. ಜನ ಅದನ್ನು ಅನೆಕ್ಸ್ ಎಂದು ಕರೆಯುತ್ತಿದ್ದರು. ಹಾರ್ವರ್ಡಿನ ಅಧ್ಯಾಪಕರೇ ಅಲ್ಲಿ ಪಾಠ ಹೇಳುತ್ತಿದ್ದರು. ಪಾಠ ಹಾರ್ವರ್ಡಿನದು, ಪದವಿ ಮಾತ್ರ ಹಾರ್ವರ್ಡಿನದಲ್ಲ! 1894ರಲ್ಲಿ ಅದೇ ರ್‍ಯಾಡ್‌ಕ್ಲಿಫ್ ಕಾಲೇಜಾಯಿತು. ನಡುವೆ 1890-91ರಲ್ಲಿ ಆಕೆ ಇಂಗ್ಲೆಂಡಿನ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿಗೆ ಹೋದಳು. ತಾಯಿಯ ಕಾಯಿಲೆ ಅವಳನ್ನು ಹಿಂದಕ್ಕೆ ಕರೆಸಿತು. ಹೀಗೆ ಬಿಟ್ಟೂ ಹಿಡಿದೂ ಓದಿ, 1898ರಲ್ಲಿ, ಮೂವತ್ತರ ಅಂಚಿನಲ್ಲಿ, ಅತ್ಯುಚ್ಚ ಗೌರವದೊಡನೆ ಪದವಿಯನ್ನು ಪಡೆದಳು. ಅಷ್ಟರಲ್ಲಾಗಲೇ, 1896ರಲ್ಲಿ, ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ಪದವಿಯನ್ನು ಕುರಿತು ಆಕೆ ಬರೆದ ಗ್ರಂಥ ಅಚ್ಚಾಗಿತ್ತು. ಕಾಯಿದೆಯ ಪುಸ್ತಕದಲ್ಲಿರುವ ಅಧಿಕಾರ ಬೇರೆ, ಸಭೆಯಲ್ಲಿ ನಿಜವಾಗಿ ನಡೆಯುವ ಅಧಿಕಾರ ಬೇರೆ ಎಂಬುದನ್ನು ಆಕೆ ಆಗಲೇ ಕಂಡುಕೊಂಡಿದ್ದಳು. ಮುಂದೆ ರಾಷ್ಟ್ರಾಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್ ಆ ಗ್ರಂಥವನ್ನು ವಿಮರ್ಶಿಸಿ ಮೆಚ್ಚಿದನು.

ಇಷ್ಟು ಓದಿದವಳು ಪ್ರಾಧ್ಯಾಪಕಿಯಾಗಲಿಲ್ಲ. ಬಾಸ್ಟನ್ ನಗರದ ರಾಕ್ಸ್‌ಬರಿ ಎಂಬ ಬಡವರ ಬಡಾವಣೆಗೆ ಹೋಗಿ ಹುಡುಗರಿಗಾಗಿ ಚರ್ಚಾಕೂಟವನ್ನು ಕಟ್ಟಿದಳು. ಸಂಜೆಯಾದೊಡನೆ ಬೀಗ ಬೀಳುತ್ತಿದ್ದ ಶಾಲೆಯ ಕಟ್ಟಡಗಳನ್ನು ಜನರ ಕೂಟಗಳಿಗೆ ತೆರೆಸಬೇಕೆಂದು ಹೋರಾಡಿದಳು. 1908ರಲ್ಲಿ ಅದಕ್ಕಾಗಿ ಏರ್ಪಟ್ಟ ಸಮಿತಿಯ ಅಧ್ಯಕ್ಷೆಯಾದಳು. ನಾಲ್ಕು ಜನ ಸೇರಿದಾಗ ಮಾತು ಹೇಗೆ ಹುಟ್ಟುತ್ತದೆ, ಎಲ್ಲಿ ಕೆಡುತ್ತದೆ, ಹೇಗೆ ಒಂದು ನಿರ್ಧಾರವಾಗಿ ಮಾಗುತ್ತದೆ ಎಂಬುದನ್ನು ಆಕೆ ಕಲಿತದ್ದು ಅಲ್ಲಿಯೇ. ಆ ಅನುಭವದಿಂದ ಹುಟ್ಟಿದ ಎರಡು ಮುಖ್ಯ ಗ್ರಂಥಗಳು 1918ರಲ್ಲಿಯೂ 1924ರಲ್ಲಿಯೂ ಹೊರಬಂದವು. ಅವನ್ನು ಕಂಡ ಉದ್ಯಮಿಗಳು ಉಪನ್ಯಾಸಕ್ಕಾಗಿ ಆಕೆಯನ್ನು ಕರೆಯತೊಡಗಿದರು.

1925ರಲ್ಲಿ ಆಕೆ ನ್ಯೂಯಾರ್ಕಿನಲ್ಲಿ ಮಾಡಿದ ಉಪನ್ಯಾಸಗಳೇ ಆಕೆಯ ಕೀರ್ತಿಗೆ ಆಧಾರ. ಭಿನ್ನಾಭಿಪ್ರಾಯ ಬಂದಾಗ ಮೂರು ದಾರಿಗಳುಂಟು. ಒಬ್ಬರು ಗೆದ್ದು ಇನ್ನೊಬ್ಬರನ್ನು ತುಳಿಯುವುದು ಒಂದು. ಇಬ್ಬರೂ ಅಷ್ಟಿಷ್ಟು ಬಿಟ್ಟುಕೊಟ್ಟು ರಾಜಿಯಾಗುವುದು ಇನ್ನೊಂದು. ಮೂರನೆಯದು, ಇಬ್ಬರ ನಿಜವಾದ ಬೇಡಿಕೆಯೂ ಈಡೇರುವ ಹೊಸ ಹಾದಿಯನ್ನು ಹುಡುಕುವುದು. ಇದನ್ನು ಸಮನ್ವಯವೆನ್ನಬಹುದು. ಆಕೆ ಕೊಟ್ಟ ನಿದರ್ಶನ ಸರಳವಾದುದು. ಹಾರ್ವರ್ಡಿನ ಪುಸ್ತಕ ಭಂಡಾರದ ಚಿಕ್ಕ ಕೊಠಡಿಯೊಂದರಲ್ಲಿ ಒಬ್ಬರಿಗೆ ಕಿಟಕಿ ತೆರೆದಿರಬೇಕು, ಈಕೆಗೆ ಮುಚ್ಚಿರಬೇಕು. ಕೊನೆಗೆ ಯಾರೂ ಇಲ್ಲದ ಪಕ್ಕದ ಕೊಠಡಿಯ ಕಿಟಕಿಯನ್ನು ತೆರೆದರು. ಅವರಿಗೆ ಬೇಕಾಗಿದ್ದುದು ಗಾಳಿ. ಈಕೆಗೆ ಬೇಡವಾಗಿದ್ದುದು ನೇರವಾಗಿ ಮೈಗೆ ಬಡಿಯುವ ಉತ್ತರದ ಚಳಿಗಾಳಿ. ಇನ್ನೊಂದು ನಿದರ್ಶನ ಹಾಲಿನ ಸಹಕಾರ ಸಂಘದ್ದು. ಇಳಿಜಾರಿನಲ್ಲಿದ್ದ ಡೈರಿಗೆ ಮೇಲಿನಿಂದ ಬರುವವರಿಗೂ ಕೆಳಗಿನಿಂದ ಬರುವವರಿಗೂ ಹಾಲಿನ ಕ್ಯಾನುಗಳನ್ನು ಮೊದಲು ಇಳಿಸುವವರು ಯಾರೆಂಬ ಜಗಳ. ಕಟ್ಟೆಯ ಜಾಗವನ್ನೇ ಬದಲಿಸಿದರೆ ಇಬ್ಬರೂ ಒಮ್ಮೆಗೇ ಇಳಿಸಬಹುದೆಂದು ಹೊರಗಿನವರೊಬ್ಬರು ತೋರಿಸಿದ ಮೇಲೆ ಜಗಳ ನಿಂತಿತು.

ಆಜ್ಞೆಯ ವಿಚಾರದಲ್ಲಿಯೂ ಆಕೆಯ ನಿಲುವು ಹೊಸದು. ಮೇಲಿನವನು ಕೆಳಗಿನವನಿಗೆ ಅಪ್ಪಣೆ ಮಾಡುವುದಕ್ಕಿಂತ, ಇಬ್ಬರೂ ಕೂಡಿ ಸನ್ನಿವೇಶವನ್ನು ಪರಿಶೀಲಿಸಿ ಅದು ಏನನ್ನು ಬೇಡುತ್ತದೆಯೋ ಅದಕ್ಕೆ ತಲೆಬಾಗಬೇಕು. ಒಬ್ಬರ ಮೇಲೆ ನಡೆಸುವ ಅಧಿಕಾರವಲ್ಲ, ಒಬ್ಬರೊಡನೆ ಕೂಡಿ ಬೆಳೆಸುವ ಅಧಿಕಾರ ಬೇಕು. ಹೊಣೆ ಹೊತ್ತವರು ನೇರವಾಗಿ ಮಾತನಾಡಬೇಕು. ನಿರ್ಧಾರ ಗಟ್ಟಿಯಾಗುವ ಮೊದಲೇ, ಆರಂಭದಲ್ಲಿಯೇ ಮಾತನಾಡಬೇಕು. ಆ ಮಾತು ಎಂದೂ ನಿಲ್ಲಬಾರದು. ಇಂದು ವಿಶ್ವವಿದ್ಯಾನಿಲಯಗಳಲ್ಲಿ ಸಾಂಸ್ಥಿಕ ಸಂವಹನವೆಂದು ಪ್ರತ್ಯೇಕ ವಿಷಯವಾಗಿ ಬೋಧಿಸುವುದರ ಬೀಜಗಳು ಇಲ್ಲಿವೆ.

ಇದೆಲ್ಲ ಕೇಳಲು ಸೊಗಸು, ನಡೆಯಲು ಕಷ್ಟ ಎಂದು ಕೆಲವರು ಹೇಳಬಹುದು. ಎಲ್ಲ ಜಗಳಕ್ಕೂ ಸಮನ್ವಯ ಸಾಧ್ಯವಿಲ್ಲವೆಂದು ಆಕೆಯೇ ಒಪ್ಪಿದ್ದಳು. ನನಗೆ ತೋರುವ ಕೊರತೆ ಬೇರೆ. ಕಿಟಕಿಯ ಕೀಲಿಕೈ ಒಬ್ಬರ ಹತ್ತಿರವೇ ಇರುವಾಗ ಅವರು ಪಕ್ಕದ ಕೊಠಡಿಯ ಕಡೆಗೆ ಏಕೆ ನೋಡಬೇಕು? ನಮ್ಮ ಮನೆಯಲ್ಲಿ ನಾನು ಎಂ.ಎ. ಓದಬೇಕೆನ್ನುತ್ತೇನೆ, ಹಿರಿಯರು ಓದಿದ್ದು ಸಾಕೆನ್ನುತ್ತಾರೆ. ಆದರೂ ಫಾಲೆಟಳನ್ನು ಓದಿದ ಮೇಲೆ ನಾನು ವಾದಿಸುವುದನ್ನು ನಿಲ್ಲಿಸಿ, ಅವರು ಅಂಜುವುದು ಯಾವುದಕ್ಕೆ ಎಂದು ಅಪ್ಪನನ್ನು ಕೇಳಿದೆ. ಅಂಜಿಕೆ ಓದಿನದಲ್ಲ, ದೂರದ ಊರಿನ ವಾಸದ್ದು ಎಂದು ತಿಳಿಯಿತು. ಮಾತು ಇನ್ನೂ ಮುಗಿದಿಲ್ಲ. ಆದರೆ ಈಗ ನಾವು ಮಾತನಾಡುತ್ತಿದ್ದೇವೆ.

ಫಾಲೆಟಳು ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ಲಂಡನ್ನಿನಲ್ಲಿ ಕಳೆದಳು. 1933ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನಲ್ಲಿ ಉಪನ್ಯಾಸಮಾಲೆಯನ್ನು ನೀಡಿ, ಅದೇ ವರ್ಷ ಡಿಸೆಂಬರ್ 18ರಂದು ಬಾಸ್ಟನ್ನಿನಲ್ಲಿ ತೀರಿಕೊಂಡಳು. ಮೆಟ್‌ಕಾಫ್ ಮತ್ತು ಉರ್ವಿಕ್ ಎಂಬವರು ಆಕೆಯ ಉಪನ್ಯಾಸಗಳನ್ನು ಕೂಡಿಸಿ ಅಚ್ಚು ಹಾಕಿಸಿದರೂ ಲೋಕ ಆಕೆಯನ್ನು ಬಹುಕಾಲ ಮರೆತಿತ್ತು. 1995ರಲ್ಲಿ ಆಕೆಯ ಬರಹಗಳು ಪೀಟರ್ ಡ್ರಕರನ ಮುನ್ನುಡಿಯೊಡನೆ ಮತ್ತೆ ಬೆಳಕು ಕಂಡವು. ಅವನ್ನು ಪ್ರಕಟಿಸಿದುದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮುದ್ರಣಾಲಯ! ಪದವಿ ಕೊಡಲೊಲ್ಲದ ಮನೆಯೇ ಪುಸ್ತಕವನ್ನು ಹೊತ್ತು ತಂದಿತು. ಮಿತ್ರರೇ, ಮುಂದಿನ ಸಲ ಟಿಪ್ಪಣಿಯಲ್ಲಿ ಆ ಅರ್ಧ ಪುಟ ಬಂದಾಗ ಕೊಂಚ ನಿಧಾನವಾಗಿ ಓದಿರಿ.