ಬಧಿರ ಮಹಾಕವಿ ವಳ್ಳತ್ತೋಳ್

ಮಲಯಾಳದ ಮಹಾಕವಿ ವಳ್ಳತ್ತೋಳ್ ನಾರಾಯಣ ಮೇನನ್ನರು 1878ರಲ್ಲಿ ಜನಿಸಿದರು. ಮೂವತ್ತರ ಆಸುಪಾಸಿನಲ್ಲಿಯೇ ಅವರ ಶ್ರವಣಶಕ್ತಿ ನಷ್ಟವಾಯಿತು. ಛಂದಸ್ಸನ್ನು ಕಿವಿಯಲ್ಲಿಯೇ ತೂಗಬೇಕಾದವನಿಗೆ ಇದಕ್ಕಿಂತ ಮಿಗಿಲಾದ ಆಘಾತವುಂಟೆ? ಆ ಸಂಕಟವನ್ನೇ ವಸ್ತುವಾಗಿಸಿಕೊಂಡು 1910ರಲ್ಲಿ ‘ಬಧಿರವಿಲಾಪಂ’ ಕಾವ್ಯವನ್ನು ರಚಿಸಿದರು.

ವಿಲಾಪ ಅಲ್ಲಿಗೇ ಮುಗಿಯಿತೆನ್ನಬೇಕು. ಮುಂದೆ ಸುಮಾರು ಅರ್ಧ ಶತಮಾನ ಅವರು ನಿಶ್ಶಬ್ದದಲ್ಲಿಯೇ ದುಡಿದರು. ‘ಸಾಹಿತ್ಯಮಂಜರಿ’ಯ ಸಂಪುಟಗಳು ಹೊರಬಂದವು. ಕ್ಷೀಣಿಸುತ್ತಿದ್ದ ಕಥಕಳಿಯ ಉದ್ಧಾರಕ್ಕೆಂದು ಲಾಟರಿಯ ಮೂಲಕ ಹಣ ಕೂಡಿಸಿ, ಮುಕುಂದರಾಜರೊಡನೆ 1930ರಲ್ಲಿ ಕೇರಳ ಕಲಾಮಂಡಲವನ್ನು ಸ್ಥಾಪಿಸಿದರು. ಚೆಂಡೆಯ ನಾದ ಕೇಳದವರು ಹಸ್ತಮುದ್ರೆಗಳಲ್ಲಿ ಮಾತನಾಡುವ ಕಲೆಯನ್ನು ಅಪ್ಪಿಕೊಂಡದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. 1958ರಲ್ಲಿ ಅವರು ಕಾಲವಾದರು.

ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದದ್ದು ಅದಕ್ಕೆ ಏಳು ವರ್ಷಗಳ ಅನಂತರ, 1965ರಲ್ಲಿ. ಯಾವ ಸ್ಥಾಯಿಯ ಸದ್ದು ಎಷ್ಟು ಕುಂದಿದೆಯೆಂದು ಅಳೆದು, ಕಿವಿಯ ಅಚ್ಚು ತೆಗೆದು, ಯಂತ್ರವನ್ನು ಆ ಒಬ್ಬರಿಗೆಂದೇ ಹದಗೊಳಿಸುವ ತಜ್ಞರು ಅಲ್ಲಿ ಸಿದ್ಧರಾದರು. ಸ್ವರಗಳು ಕೇಳಿಸಿ, ಸಕಾರ ತಕಾರಗಳಂತಹ ವ್ಯಂಜನಗಳು ಮಾತ್ರ ಜಾರಿಹೋಗುವ ಕಿವಿಗಳು ಅನೇಕ. ಎಲ್ಲ ಸದ್ದನ್ನೂ ಒಂದೇ ಸಮ ಹಿಗ್ಗಿಸುವ ಅಗ್ಗದ ಯಂತ್ರದಿಂದ ಅವಕ್ಕೆ ಗದ್ದಲ ಹೆಚ್ಚೀತು, ಮಾತು ತಿಳಿಯದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮನೆಗಳಲ್ಲಿ ಇಂತಹ ಯಂತ್ರಗಳು ಪೆಟ್ಟಿಗೆ ಸೇರಿರುವುದನ್ನು ನಾನೇ ಕಂಡಿದ್ದೇನೆ. ನಮ್ಮೂರಿನ ಹಿರಿಯರೊಬ್ಬರು ಮಾತ್ರ ತಜ್ಞರಲ್ಲಿಗೆ ಮೂರು ಬಾರಿ ಹೋಗಿ ಯಂತ್ರವನ್ನು ಸರಿಪಡಿಸಿಕೊಂಡು ಬಂದರು. ಈಗ ಗಮಕವಾಚನವಿದ್ದ ಸಂಜೆ ಅವರು ಹಿಂದಿನ ಸಾಲಿನಲ್ಲಿಯೇ ಕುಳಿತಿರುತ್ತಾರೆ.